ನಮ್ಮ ಓಣಿಗೆ ಬರುವ ಉಸುಕು

ರಾಯಚೂರಿಗೆ ಸಮುದ್ರವಿಲ್ಲ. ಕುಂದಾಪುರದಲ್ಲೋ ಕಾರವಾರದಲ್ಲೋ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಡಿದರೆ ದಂಡೆ ಕೊರೆದುಹೋಗುತ್ತದೆ ಎಂದು ಓದಿ, ಪಾಪ ಅಂದು ಪೇಪರ್ ಮಡಚಿಡುತ್ತೇವೆ. ಅಲ್ಲಿ ಕಾಂಡ್ಲಾ ದಂಡೆ ಕಾಯುವಂತೆ ಇಲ್ಲಿ ಹೊಳೆಯ ದಂಡೆಯನ್ನು ಉಸುಕು ಕಾಯುತ್ತದೆ. ಹೊಳೆಯ ರಭಸ ತಗ್ಗಿಸುವುದೂ ಅದೇ, ಮಳೆಗಾಲದ ನೀರನ್ನು ಒಡಲಲ್ಲಿಟ್ಟುಕೊಂಡು ಬೇಸಿಗೆಗೆ ಆಸುಪಾಸಿನ ಬಾವಿಗಳಿಗೆ ಬಿಡುವುದೂ ಅದೇ. ಬತ್ತಿದ ಹೊಳೆಯಲ್ಲಿ ವರತೆ ತೋಡಿ ಕೊಡ ತುಂಬಿದ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಆ ಉಸುಕು ದೇವದುರ್ಗದ ಕೃಷ್ಣೆಯಿಂದ, ಮಾನ್ವಿಯ ತುಂಗಭದ್ರೆಯಿಂದ ಕದ್ದುಮುಚ್ಚಿ ಟಿಪ್ಪರ್ ಏರುತ್ತಿದೆ. ಕಾನೂನಿಗೇನೂ ಬರವಿಲ್ಲ. 5 ಹೆಕ್ಟೇರಿಗಿಂತ ಚಿಕ್ಕ ಗಣಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿತು. 3 ಮೀಟರ್‌ಗಿಂತ ಆಳಕ್ಕೆ ಇಳಿಯಬೇಡಿ ಎಂದಿತು ಕೇಂದ್ರದ 2016ರ ಮಾರ್ಗಸೂಚಿ. ಜೆಸಿಬಿಗೆ ಇದನ್ನು ಓದಿ ಹೇಳುವವರು ಯಾರು?

ಹೇಳಲು ಹೋದವರೊಬ್ಬರಿದ್ದರು. 2018ರ ಡಿಸೆಂಬರ್‌ನಲ್ಲಿ ಮಾನ್ವಿ ತಾಲ್ಲೂಕಿನಲ್ಲಿ ಅಕ್ರಮ ಉಸುಕು ತಡೆಯಲು ನಿಂತ ಗ್ರಾಮ ಲೆಕ್ಕಾಧಿಕಾರಿಯ ಮೇಲೆ ಲಾರಿ ಹರಿಯಿತು. ನಾವು ಒಂದೆರಡು ದಿನ ಮರುಗಿದೆವು, ಚಾಲಕನನ್ನು ಬೈದೆವು. ಆ ಉಸುಕು ಯಾರ ಮನೆಯ ಗಿಲಾವಿಗೆ, ಯಾವ ಸರ್ಕಾರಿ ಕಟ್ಟಡದ ಸ್ಲ್ಯಾಬಿಗೆ ಹೊರಟಿತ್ತೆಂದು ಮಾತ್ರ ಕೇಳಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಕಳ್ಳಮಾಲಿಗೆ ಗಿರಾಕಿ ನಾವೇ. ಲಂಚ ತಿಂದವರನ್ನು, ಟಿಪ್ಪರ್ ಹಿಂದಿರುವ ದೊಡ್ಡವರನ್ನು ಬೈಯೋಣ, ಬೈಯಲೇಬೇಕು. ಆದರೆ ಅಗ್ಗಕ್ಕೆ ಸಿಕ್ಕಿತೆಂದು ನಸುಕಿನಲ್ಲಿ ಗೇಟು ತೆರೆದು ಲೋಡು ಇಳಿಸಿಕೊಂಡವರು ದೇವದುರ್ಗದವರಲ್ಲ, ಮಾನ್ವಿಯವರಲ್ಲ. ಇದೇ ರಾಯಚೂರಿನ ಹೊಸ ಲೇಔಟುಗಳ ನಾವು, ನೌಕರರು, ವ್ಯಾಪಾರಿಗಳು, ಮೇಷ್ಟ್ರುಗಳು.

ಹೊಳೆಗೆ ಇಳಿದು ಲಾರಿ ತಡೆಯಿರಿ ಎಂದು ನಾನು ಕರೆಯುತ್ತಿಲ್ಲ. ಅದು ಪೊಲೀಸರ, ಗಣಿ ಇಲಾಖೆಯ ಕೆಲಸ, ಅವರಿಂದ ಮಾಡಿಸೋಣ. ನಮ್ಮ ಕೆಲಸ ಗೇಟಿನ ಹತ್ತಿರ. ಉಸುಕು ಬಂದಾಗ ಸಾಗಣೆ ಪರ್ಮಿಟ್ ಕೇಳಿ. ಗಾಡಿ ನಂಬರು, ತಾರೀಖು ಸರಿಯಿದೆಯೇ ನೋಡಿ. ಇಲ್ಲದಿದ್ದರೆ ಮನೆ ಎರಡು ತಿಂಗಳು ತಡವಾಗಲಿ, ಲೋಡು ಹಿಂದಕ್ಕೆ ಹೋಗಲಿ. ಎಂ-ಸ್ಯಾಂಡ್ ಬಳಸಿ. (ಅದೂ ಪುಣ್ಯದ ಸರಕಲ್ಲ, ಗುಡ್ಡ ಒಡೆದೇ ಬರುತ್ತದೆ. ಹೊಳೆಯಾದರೂ ಉಳಿಯಲಿ.) ಗ್ರಾಮಸಭೆಯಲ್ಲಿ, ನಗರ ಪಾಲಿಕೆಯಲ್ಲಿ ಎದ್ದು ನಿಂತು ಒಂದೇ ಒತ್ತಾಯ ಮಾಡಿ: ಶಾಲೆ, ಚರಂಡಿ, ಸಮುದಾಯ ಭವನ ಯಾವುದೇ ಇರಲಿ, ಉಸುಕಿನ ಪರ್ಮಿಟ್ ಲಗತ್ತಿಸದ ಗುತ್ತಿಗೆದಾರನ ಬಿಲ್ಲು ಪಾಸಾಗಕೂಡದು.