ಚೇಷ್ಟೆ ಯಾರದು?

‘ಕಪಿಚೇಷ್ಟೆ’ ಎಂಬ ಮಾತಿನ ಬಗೆಗೆ ನನಗೊಂದು ತಕರಾರಿದೆ. ಕೊರಳಿಗೆ ಹಗ್ಗ ಬಿದ್ದ ಕೋತಿಗೆ ಆ ಹೆಸರು ಸಲ್ಲದು. ಸಲ್ಲುವುದಾದರೆ ಹಗ್ಗ ಹಾಕಿದವರಿಗೆ, ಅದನ್ನು ನೋಡಿ ನಲಿಯುವವರಿಗೆ.

ಕಟ್ಟಿದ ಕೋತಿಯ ದಿನಚರಿಯನ್ನು ಒಮ್ಮೆ ಗಮನಿಸಿ. ಗೂಟದ ಸುತ್ತ ಅದೇ ನಾಲ್ಕು ಹೆಜ್ಜೆ, ಬೆಳಗಿನಿಂದ ಬೈಗಿನವರೆಗೆ. ಕುಳಿತರೆ ಹಿಂದಕ್ಕೂ ಮುಂದಕ್ಕೂ ತೂಗಾಟ. ಬೇಸರ ಮಿತಿಮೀರಿದರೆ ತನ್ನ ರೋಮವನ್ನೇ ಕಿತ್ತುಕೊಳ್ಳುತ್ತದೆ, ತನ್ನ ತೋಳನ್ನೇ ಕಚ್ಚಿಕೊಳ್ಳುತ್ತದೆ. ಸುತ್ತ ನಿಂತವರು “ಮಂಗ್ಯಾನ ಆಟ ನೋಡ್ರಿ” ಎನ್ನುತ್ತಾರೆ. ಅದು ಹಲ್ಲು ಬಿಟ್ಟಿತೆಂದರೆ “ನಗಲಿಕತ್ತದ” ಎಂದು ಮಕ್ಕಳಿಗೆ ತೋರಿಸುತ್ತಾರೆ. ಸದ್ದಿಲ್ಲದೆ ಹಲ್ಲು ಬಿಡುವುದು ಕೋತಿಗಳಲ್ಲಿ ಅಂಜಿಕೆಯ, ಶರಣಾಗತಿಯ ಗುರುತು. ಅದು ‘ಹೊಡೆಯಬೇಡ’ ಎಂದು ಬೇಡುತ್ತಿರುವಾಗ ನಾವು ಚಪ್ಪಾಳೆ ತಟ್ಟುತ್ತೇವೆ!

ಕೋತಿಯ ಸಹಜ ನಡತೆ ತಿಳಿಯಬೇಕಾದರೆ ಯಾದಗಿರಿಯ ಕೋಟೆಗುಡ್ಡ, ಬುದ್ಧ ಮಲಗಿದಂತೆ ಕಾಣುವ ಶಹಾಪುರದ ಬೆಟ್ಟ, ಸುರಪುರದ ಬಂಡೆಗಳಂಥ ತಾವುಗಳಲ್ಲಿ ಬಿಡುಗಡೆಯಾಗಿರುವ ಹಿಂಡನ್ನು ನೋಡಬೇಕು. ಹೊತ್ತೇರುವ ಮುನ್ನ ಮೇವು ಅರಸುತ್ತವೆ. ಸಿಕ್ಕಿದ್ದನ್ನು ಕೆನ್ನೆಯ ಚೀಲಕ್ಕೆ ತುಂಬಿಕೊಳ್ಳುತ್ತವೆ. ಬಿಸಿಲೇರಿದಾಗ ನೆರಳಲ್ಲಿ ಕುಳಿತು ಒಂದರ ಮೈಯನ್ನು ಇನ್ನೊಂದು ಹೆಕ್ಕುತ್ತದೆ. ಆ ಹೆಕ್ಕುವಿಕೆಯಲ್ಲಿ ಹೇನಿಗಿಂತ ಸ್ನೇಹದ ಪಾಲೇ ದೊಡ್ಡದು. ಹೆಣ್ಣುಮರಿಗಳು ಸಾಮಾನ್ಯವಾಗಿ ಬದುಕಿಡೀ ತಾಯಿಯ ಹಿಂಡಿನಲ್ಲೇ ಉಳಿಯುತ್ತವೆ. ಇಂಥ ಪ್ರಾಣಿಯನ್ನು ಒಂಟಿಯಾಗಿಸಿದರೆ ಏನಾಗುತ್ತದೆಂಬುದನ್ನು ಅಮೆರಿಕದ ಹ್ಯಾರಿ ಹಾರ್ಲೋ 1950–60ರ ದಶಕಗಳಲ್ಲಿ ನಿಷ್ಕರುಣೆಯಿಂದ ಪರೀಕ್ಷಿಸಿ ತೋರಿಸಿದರು. ತಾಯಿಯನ್ನೂ ಜೊತೆಗಾರರನ್ನೂ ಕಾಣದೆ ಬೆಳೆದ ಮರಿಗಳು ಹೀಗೆಯೇ ತೂಗಾಡಿದವು, ತಮ್ಮನ್ನೇ ಕಚ್ಚಿಕೊಂಡವು.

“ಪಾಪ, ಆಡಿಸುವವನ ಹೊಟ್ಟೆಪಾಡು” ಎನ್ನುವ ಮಹನೀಯರಿದ್ದಾರೆ. ಅವನ ಹಸಿವು ನಿಜ. ಅದಕ್ಕೆ ಕೆಲಸ ಕೊಡುವ ಹೊಣೆ ಸಮಾಜದ್ದು, ಸರಕಾರದ್ದು, ಕೋತಿಯ ಕೊರಳಿನದಲ್ಲ. ಇನ್ನು, ಜಗುಲಿಯಲ್ಲಿ ಶೋಕಿಗಾಗಿ ಕೋತಿ ಕಟ್ಟುವ ಉಳ್ಳವರಿಗೆ ಯಾವ ಹೊಟ್ಟೆಪಾಡು? ಶನಿವಾರ ಹಣಮಪ್ಪನಿಗೆ ಎಲೆಪೂಜೆ ಕಟ್ಟಿಸಿ, ಮನೆಗೆ ಬಂದು ಅವನ ಕುಲದ ಕೊರಳಿಗೆ ಸರಪಳಿ ಬಿಗಿಯುವುದು ಯಾವ ಭಕ್ತಿ?

ಕಾನೂನಿಗೇನೂ ಕೊರತೆಯಿಲ್ಲ. ಕೋತಿ, ಕರಡಿ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಪ್ರದರ್ಶಿಸುವುದನ್ನು ಕೇಂದ್ರ ಸರಕಾರ 1998ರಲ್ಲಿ ನಿಷೇಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮನಸ್ಸಿದ್ದರೆ ಜಾರಿಗೆ ತರುವುದೂ ಅಸಾಧ್ಯವಲ್ಲ. ಯಾದಗಿರಿ ಬಳಿಯ ಮೈಲಾಪುರದ ಜಾತ್ರೆಯಲ್ಲಿ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವುದನ್ನು ತಡೆಯಲು ಜಿಲ್ಲಾಡಳಿತ ದಾರಿಯಲ್ಲೇ ತಪಾಸಣೆ ನಡೆಸಿದ್ದುಂಟು. ಕುರಿಮರಿಗೆ ತೋರಿದ ಕಾಳಜಿ ಕೋತಿಮರಿಗೇಕೆ ಬೇಡ?

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತೆಂದು ಗಾದೆ ಕಟ್ಟಿದವರು ನಾವು. ಇಲ್ಲಿ ತಿಂದವರೂ ನಾವೇ, ಒರೆಸಿದವರೂ ನಾವೇ. ಮುಂದಿನ ಸಲ ಕಟ್ಟಿದ ಕೋತಿ ಕಣ್ಣಿಗೆ ಬಿದ್ದರೆ ಕಾಸು ಎಸೆಯಬೇಡಿ, ಮಗುವಿಗೆ ಅದು ನಗುತ್ತಿದೆಯೆಂದು ಸುಳ್ಳು ಹೇಳಬೇಡಿ. ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿ.