ಅಡಿ ಲೆಕ್ಕದಲ್ಲಿ ಸೇರದ ಧೂಳು

ಗ್ರಾನೈಟಾಗಲಿ, ವಿಟ್ರಿಫೈಡ್ ಟೈಲಾಗಲಿ, ಶಹಾಬಾದಿನ ಹಾಸುಗಲ್ಲಾಗಲಿ, ಮನೆಗೆ ಯಾವುದನ್ನು ಹಾಸಿದರೂ ನೆಲಗೆಲಸದ ನಿಜವಾದ ಪರೀಕ್ಷೆ ನಡುಮನೆಯ ಬಯಲಿನಲ್ಲಿ ನಡೆಯುವುದಿಲ್ಲ. ಅದು ನಡೆಯುವುದು ಅಂಚುಗಳಲ್ಲಿ, ಎಂದರೆ ಬಾಗಿಲುವಾಡದ ಬುಡದಲ್ಲಿ, ಕಂಬದ ಮೂಲೆಯಲ್ಲಿ, ಗೋಡೆಯ ಕಾಲಿನಗುಂಟ ನಾಲ್ಕಂಗುಲದ ಪಟ್ಟಿಯಾಗಿ ಓಡುವ ಸ್ಕರ್ಟಿಂಗಿನಲ್ಲಿ, ಮೆಟ್ಟಿಲಿನ ಅಂಚನ್ನು ದುಂಡಗೆ ತಿದ್ದುವ ನೋಸಿಂಗಿನಲ್ಲಿ. ಇಡಿಯ ಟೈಲನ್ನು ಗಾರೆಯ ಮೇಲೆ ಕೂರಿಸುವುದು ಕೆಲವೇ ವಾರಗಳಲ್ಲಿ ಕಲಿಯಬಹುದಾದ ಕೆಲಸ; ಅದನ್ನು ಎಲ್ ಆಕಾರಕ್ಕೆ ಕೊಯ್ದು ಚೌಕಟ್ಟಿಗೆ ಹೊಂದಿಸುವವನು, ಎರಡು ಪಟ್ಟಿಗಳ ಅಂಚನ್ನು 45 ಡಿಗ್ರಿಗೆ ಸವೆಯಿಸಿ ಮೂಲೆಯಲ್ಲಿ ಸೇರಿದ ಗೆರೆಯೇ ಕಾಣದಂತೆ ಕೂಡಿಸುವವನು ಮಾತ್ರ ಮೇಸ್ತ್ರಿಯೆನಿಸಿಕೊಳ್ಳುತ್ತಾನೆ. ಈ ಕೌಶಲವೆಲ್ಲ ಇಂದು ಅಂಗೈಯಲ್ಲಿ ಹಿಡಿಯಬಹುದಾದ ಕಟಿಂಗ್ ಮಷೀನಿನ ಬ್ಲೇಡನ್ನು ಆಶ್ರಯಿಸಿದೆ. ಆ ಯಂತ್ರದ ವಿಷಯದಲ್ಲಿ ನನಗೆ ದ್ವೇಷವಿಲ್ಲ. ಅದನ್ನು ಒಣ ಕಲ್ಲಿನ ಮೇಲೆ ಓಡಿಸುವ ರೂಢಿ, ಮತ್ತು ಆ ರೂಢಿಯನ್ನು ಸಾಕಿ ಸಲಹುತ್ತಿರುವ ಗೃಹಸ್ಥರ ಚೌಕಾಸಿ, ಇವೆರಡಕ್ಕೆ ನನ್ನ ಆಕ್ಷೇಪ.

1954ರಲ್ಲಿ ಜರ್ಮನಿಯ ಒಂದು ಕಾರ್ಖಾನೆಯಿಂದ ಹೊರಬಿದ್ದ ಆಂಗಲ್ ಗ್ರೈಂಡರ್ ಎಂಬ ಉಪಕರಣವೂ, ಅದರ ಬಂಧುವಾದ ಮಾರ್ಬಲ್ ಕಟರೂ ಈಗ ನಮ್ಮ ಪ್ರತಿಯೊಂದು ಬಡಾವಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಿರುಚುತ್ತಿವೆ. ನಿಮಿಷಕ್ಕೆ 11,000 ಸುತ್ತು ತಿರುಗುವ 100 ಮಿಲಿಮೀಟರಿನ ಬ್ಲೇಡಿನ ಅಂಚು ಗಂಟೆಗೆ 200 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಕಲ್ಲಿಗೆ ತಾಗುತ್ತದೆ. ತಾಗಿ ಅದು ಮಾಡುವುದು, ಕತ್ತರಿ ಬಟ್ಟೆಯನ್ನು ಸೀಳುವಂತಹ ಸೀಳುವಿಕೆಯನ್ನಲ್ಲ. ಲೋಹದಲ್ಲಿ ಹುದುಗಿದ ವಜ್ರದ ಸಣ್ಣ ಹರಳುಗಳು ಕಲ್ಲನ್ನು ಅರೆಯುತ್ತ ಹೋಗುತ್ತವೆ, ಆದುದರಿಂದ ಬ್ಲೇಡು ಹಾದುಹೋದಷ್ಟು ಅಗಲದ, ಹಾದುಹೋದಷ್ಟು ಆಳದ ಕಲ್ಲು ಸಂಪೂರ್ಣವಾಗಿ ಧೂಳಾಗಿ ಪರಿಣಮಿಸುತ್ತದೆ. ಕಣ್ಣಿಗೆ ಕಾಣುವ ಬಿಳಿಯ ಮೋಡ ಬಹುಬೇಗ ನೆಲಕ್ಕಿಳಿಯುತ್ತದೆ. ಮನುಷ್ಯನಿಗೆ ಮಾರಕವಾದುದು ಅದಲ್ಲ. ಕಣ್ಣಿಗೆ ಗೋಚರಿಸದಷ್ಟು ಸೂಕ್ಷ್ಮವಾದ ಕಣಗಳು ಮುಚ್ಚಿದ ಕೋಣೆಯ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತಿದ್ದು, ಉಸಿರಿನೊಡನೆ ಶ್ವಾಸಕೋಶದ ತಳಭಾಗವನ್ನು ಮುಟ್ಟಿ, ಅಲ್ಲಿಯೇ ನೆಲೆಸಿ, ಮೃದುವಾದ ಅಂಗಾಂಶವನ್ನು ಗಡುಸು ಕಲೆಯನ್ನಾಗಿ ಮಾರ್ಪಡಿಸುತ್ತವೆ. ಸಿಲಿಕೋಸಿಸ್ ಎಂಬ ಈ ವ್ಯಾಧಿಗೆ ಇಂದಿಗೂ ಗುಣಪಡಿಸುವ ಔಷಧವಿಲ್ಲ. ಸ್ಫಟಿಕರೂಪದ ಸಿಲಿಕಾ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1997ರಲ್ಲಿಯೇ ನಿಸ್ಸಂದೇಹವಾದ ಅರ್ಬುದಕಾರಕಗಳ ಪಟ್ಟಿಗೆ ಸೇರಿಸಿತು. ಗ್ರಾನೈಟಿನಲ್ಲಿ ಈ ಸಿಲಿಕಾ ಹೇರಳವಾಗಿದೆ; ಈಚೆಗೆ ಅಡುಗೆಮನೆಯ ಕಟ್ಟೆಗಳಿಗೆ ಪ್ರತಿಷ್ಠೆಯ ವಸ್ತುವಾಗಿ ಬಂದಿರುವ ಕೃತಕ ಕ್ವಾರ್ಟ್ಜ್ ಹಲಗೆಗಳಲ್ಲಿ ಅದು ನೂರಕ್ಕೆ ತೊಂಬತ್ತು ಭಾಗವನ್ನೂ ಮೀರಬಹುದು. ಆಸ್ಟ್ರೇಲಿಯ ದೇಶವು 2024ರ ಜುಲೈ 1ರಿಂದ ಅಂತಹ ಹಲಗೆಗಳ ತಯಾರಿಕೆ, ಮಾರಾಟ, ಜೋಡಣೆಗಳನ್ನೇ ನಿಷೇಧಿಸಿತು; ನಮ್ಮಲ್ಲಿ ಅವು ಹೊಸ ಮನೆಯ ಶೋಭೆಯಾಗಿವೆ.

ಹೀಗಿದ್ದೂ ನೀರು ಹಾಯಿಸದೆ ಕೊಯ್ಯುವುದೇಕೆ? ಮೇಸ್ತ್ರಿಗಳು ಹೇಳುವ ಕಾರಣಗಳನ್ನು ತಳ್ಳಿಹಾಕುವಂತಿಲ್ಲ. ನೀರು ಬಿದ್ದೊಡನೆ ಕಲ್ಲಿನ ಮೇಲೆ ಕೆಸರು ಹರಡಿ ಪೆನ್ಸಿಲಿನ ಗುರುತು ಅಳಿಸಿಹೋಗುತ್ತದೆ. ಸುಣ್ಣಬಣ್ಣ ಮುಗಿದ ಗೋಡೆಗೆ ಸಿಡಿದ ರಾಡಿಯನ್ನು ಕಂಡು ಮನೆಯೊಡೆಯರು ಕೂಗಾಡುತ್ತಾರೆ. ಒದ್ದೆಯಾದ ನೆಲ, ಸುಲಿದ ವೈರು, ಬರಿಗಾಲು ಮೂರೂ ಸೇರಿದರೆ ಕರೆಂಟು ಹೊಡೆಯುವ ಭಯ. ಆದರೆ ಈ ಎಲ್ಲ ಕಾರಣಗಳ ಹಿಂದೆ ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದಿದೆ. ನೆಲಗೆಲಸಕ್ಕೆ ನಾವು ಕೂಲಿ ಕೊಡುವುದು ಚದರಡಿಯ ಲೆಕ್ಕದಲ್ಲಿ, ಸ್ಕರ್ಟಿಂಗಿಗೆ ರನ್ನಿಂಗ್ ಫೀಟಿನ ಲೆಕ್ಕದಲ್ಲಿ. ಗೃಹಪ್ರವೇಶದ ಮುಹೂರ್ತವನ್ನು ಜೋಯಿಸರಲ್ಲಿ ಕೇಳಿ ಗೊತ್ತುಮಾಡಿ, ಕರೆಯೋಲೆಯನ್ನು ಅಚ್ಚು ಹಾಕಿಸಿಯಾದ ಮೇಲೆ ಮೇಸ್ತ್ರಿಯ ಬೆನ್ನು ಹತ್ತುತ್ತೇವೆ. ನೀರು ಸುರಿಯಲು ಒಬ್ಬ ಹೆಲ್ಪರನ್ನು ನಿಲ್ಲಿಸಿದರೆ, ಕೆಸರನ್ನು ಬಳಿದು ಹಾಕಲು ಅರ್ಧ ಗಂಟೆ ಕಳೆದರೆ, ಆ ಖರ್ಚು ಹೊರಡುವುದು ಮೇಸ್ತ್ರಿಯ ಕೂಲಿಯಿಂದಲೇ ಹೊರತು ನಮ್ಮ ಜೇಬಿನಿಂದಲ್ಲ. ಇಂತಹ ಕರಾರಿನಲ್ಲಿ ಒಣಗೊಯ್ತವು ಅಜ್ಞಾನದ ಫಲವೆನ್ನುವುದಕ್ಕಿಂತ ಅಂಕಗಣಿತದ ಫಲವೆನ್ನುವುದೇ ಸರಿ.

ಹಿಂದೆ ಉಳಿ ಸುತ್ತಿಗೆಗಳಿಂದ ಕಲ್ಲನ್ನು ತಿದ್ದುತ್ತಿದ್ದ ಕಾಲವೇ ಲೇಸೆಂದು ನಿಟ್ಟುಸಿರುಬಿಡುವವರಿದ್ದಾರೆ. ಕಲ್ಲುಕುಟಿಗರ ಎದೆಯನ್ನು ಆ ಕಾಲವೂ ಕಾಪಾಡಲಿಲ್ಲ. ಕೆಮ್ಮಿ ಕೆಮ್ಮಿ ಅಕಾಲದಲ್ಲಿ ತೀರಿಕೊಂಡವರ ಸಾವಿಗೆ ಕ್ಷಯವೆಂಬ ಹೆಸರಿತ್ತು, ಅಷ್ಟೆ. ಯಂತ್ರವು ಮಾಡಿರುವುದೇನೆಂದರೆ, ಒಬ್ಬನು ದಿನವೆಲ್ಲ ಎಬ್ಬಿಸುತ್ತಿದ್ದ ಧೂಳನ್ನು ಕೆಲವು ನಿಮಿಷಗಳಲ್ಲಿ ಎಬ್ಬಿಸಿ, ಅದನ್ನು ಕಲ್ಲುಗಣಿಯ ಬಯಲಿನಿಂದ ನಾಲ್ಕು ಗೋಡೆಗಳ ಮಧ್ಯಕ್ಕೆ ತಂದಿರುವುದು.

ಪರಿಹಾರಗಳು ದುಬಾರಿಯೂ ಅಲ್ಲ, ದುರ್ಲಭವೂ ಅಲ್ಲ. ನೇರವಾದ ಗೆರೆಗೆ ವಿದ್ಯುತ್ತೇ ಬೇಕಿಲ್ಲ: ಕಾರ್ಬೈಡಿನ ಪುಟ್ಟ ಚಕ್ರದಿಂದ ಗೀರೆಳೆದು ಒತ್ತಿ ಮುರಿಯುವ ಕೈಕಟರು ಟೈಲುಗಳನ್ನು ಬಹುಮಟ್ಟಿಗೆ ಧೂಳಿಲ್ಲದೆಯೇ ತುಂಡರಿಸುತ್ತದೆ, ಕಟಿಂಗ್ ಮಷೀನನ್ನು ಮೂಲೆಗಳಿಗೆ, ರಂಧ್ರಗಳಿಗೆ, ಗ್ರಾನೈಟಿಗೆ ಮೀಸಲಿಟ್ಟರೆ ಸಾಕು. ಅದಕ್ಕೆ ನೀರಿನ ನಳಿಗೆಯುಳ್ಳ ಮಾದರಿಯನ್ನು ಕೊಂಡು, ವಿದ್ಯುತ್ತು ಸೋರಿದೊಡನೆ ಸಂಪರ್ಕವನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯ ಮೂಲಕ ವಿದ್ಯುತ್ತನ್ನು ಕೊಟ್ಟು, ಕೊಯ್ಯುವ ಕೆಲಸವನ್ನು ಕೋಣೆಯಿಂದ ಅಂಗಳಕ್ಕೆ ಸಾಗಿಸಿದರೆ ಅರ್ಧಕ್ಕಿಂತ ಹೆಚ್ಚು ಕೇಡು ಅಲ್ಲಿಯೇ ತಗ್ಗುತ್ತದೆ. ಮುಖಕ್ಕೆ ಕಟ್ಟುವ ಟವೆಲು ಸೂಕ್ಷ್ಮ ಕಣಗಳನ್ನು ತಡೆಯಲಾರದು. ಎನ್95 ಮುಖವಾಡ ಬೇಕು. ಮೂಲೆಗೆ ಕೈ ಎಟುಕಲೆಂದು ಕಿತ್ತೆಸೆದ ಬ್ಲೇಡಿನ ಗಾರ್ಡನ್ನು ಮತ್ತೆ ಕೂಡಿಸಬೇಕು. ಇನ್ನು ಬಾಗಿಲುವಾಡದ ಮರವನ್ನು ಟೈಲಿನ ದಪ್ಪದಷ್ಟು ಕೊಯ್ಯಲು ಗ್ರೈಂಡರಿಗೆ ಹಲ್ಲುಳ್ಳ ಗರಗಸದ ಬ್ಲೇಡನ್ನು ತೊಡಿಸುವ ಸಾಹಸವಂತೂ ಕ್ಷಮಾರ್ಹವಲ್ಲ: ಹಲ್ಲು ಮರದಲ್ಲಿ ಸಿಕ್ಕಿಕೊಂಡ ಕ್ಷಣದಲ್ಲಿ ಯಂತ್ರವು ಹಿಡಿದವನ ತೊಡೆಗೋ ಕೊರಳಿಗೋ ನೆಗೆಯುತ್ತದೆ. ಆ ಕೆಲಸಕ್ಕೆಂದೇ ಸುತ್ತದೆ ಅದುರುವ ಮಲ್ಟಿಟೂಲ್ ಎಂಬ ಉಪಕರಣವಿದೆ; ಅದರ ಮೂಲಪುರುಷನೆನ್ನಬಹುದಾದುದು 1960ರ ದಶಕದಲ್ಲಿ ಜರ್ಮನಿಯವರು ರೋಗಿಯ ಚರ್ಮಕ್ಕೆ ಗಾಯವಾಗದಂತೆ ಪ್ಲಾಸ್ಟರು ಕಟ್ಟನ್ನು ಬಿಡಿಸಲು ನಿರ್ಮಿಸಿದ ಆಸ್ಪತ್ರೆಯ ಗರಗಸ.

ಇವೆಲ್ಲವನ್ನೂ ಮೇಸ್ತ್ರಿಗೆ ಉಪದೇಶ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಎಸ್ಟಿಮೇಟಿನಲ್ಲಿ ಬರೆದುಕೊಡುವುದು ಕಷ್ಟ. ಸಿಮೆಂಟು, ಮರಳು, ಗ್ರೌಟುಗಳಂತೆಯೇ ‘ನೀರುಗೊಯ್ತ ಮತ್ತು ಕೆಸರು ವಿಲೇವಾರಿ’ ಎಂಬ ಒಂದು ಬಾಬು ಅಲ್ಲಿರಲಿ, ಅದಕ್ಕೆ ಪ್ರತ್ಯೇಕ ದರವಿರಲಿ, ಆ ದರದಲ್ಲಿ ಚೌಕಾಸಿ ಬೇಡ. ಇದು ಗೃಹಸ್ಥರ ಪಾಲು; ಸರ್ಕಾರದ ಪಾಲೂ ಇದೆ. ಅಮೃತಶಿಲೆಯ ಕೆಲಸಕ್ಕೆಂದು ನಮ್ಮಲ್ಲಿಗೆ ವಲಸೆ ಬರುವ ಎಷ್ಟೋ ಜನರ ತವರಾದ ರಾಜಸ್ಥಾನವು 2019ರಲ್ಲಿಯೇ ಧೂಳಿನ ಶ್ವಾಸರೋಗಗಳ ಪೀಡಿತರಿಗೆ ಪರಿಹಾರ ಮತ್ತು ಪಿಂಚಣಿಗಳ ನೀತಿಯೊಂದನ್ನು ಜಾರಿಗೆ ತಂದಿದೆ. ಕಟ್ಟಡದ ವೆಚ್ಚದ ಮೇಲೆ ವಸೂಲಾಗುವ ಸೆಸ್ಸಿನ ಹಣದಿಂದ ನಡೆಯುವ ನಮ್ಮ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯು ನೋಂದಾಯಿತ ಟೈಲು ಕೆಲಸಗಾರರಿಗೆಲ್ಲ ನೀರಿನ ನಳಿಗೆಯ ಕಟರುಗಳನ್ನು ಹಂಚಲಿ. ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ತೆಗೆಯಿಸಲಿ. ಕೆಮ್ಮೆಂದು ಬಂದವನಿಗೆ ಕ್ಷಯದ ಮಾತ್ರೆಯನ್ನು ಬರೆಯುವುದಕ್ಕೆ ಮುಂಚೆ, ಅವನು ಯಾವ ಕಲ್ಲನ್ನು, ಎಷ್ಟು ವರ್ಷದಿಂದ, ನೀರಿನಲ್ಲಿಯೋ ಒಣಗಿನಲ್ಲಿಯೋ ಕೊಯ್ಯುತ್ತಿದ್ದನೆಂಬುದನ್ನು ವೈದ್ಯರು ಕೇಳಿ ಚೀಟಿಯಲ್ಲಿ ಗುರುತು ಮಾಡಿಕೊಳ್ಳುವ ಏರ್ಪಾಡಾಗಲಿ.