ಹಬ್ಬದ ಹಾದಿಯಲ್ಲಿ ಎಚ್ಚರವಿರಲಿ

ಆಗಮನ ಕಾಲ ಆರಂಭವಾಗಿದೆ. ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಉದ್ಯೋಗ ನಿಮಿತ್ತ ನೆಲೆಸಿರುವ ನಮ್ಮ ಮಕ್ಕಳು ಕ್ರಿಸ್ತಜಯಂತಿಗೆ ಊರಿಗೆ ಬರುವ ದಿನಗಳು ಸಮೀಪಿಸುತ್ತಿವೆ. ಒಂದು ಕಾಲದಲ್ಲಿ ಬಸ್ಸಿನಲ್ಲಿ ಬಂದಿಳಿದು, ಗಂಟುಮೂಟೆ ಹೊತ್ತು ಮನೆಗೆ ನಡೆಯುತ್ತಿದ್ದ ಕುಟುಂಬಗಳು ಇಂದು ಸ್ವಂತ ಕಾರಿನಲ್ಲಿ ಬರುತ್ತವೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ರಸ್ತೆಗಳು ವರ್ಷದ ಬೇರಾವ ತಿಂಗಳಿನಲ್ಲಿಯೂ ಇಲ್ಲದ ಕೆಲವು ಅಪಾಯಗಳನ್ನು ಒಡ್ಡುವುದೂ ಇದೇ ದಿನಗಳಲ್ಲಿ. ಗೋದಲಿ ಕಟ್ಟುವುದಕ್ಕೆ, ತಿಂಡಿ ತಿನಿಸು ಮಾಡುವುದಕ್ಕೆ ನಾವು ಕೊಡುವ ಗಮನದ ಒಂದು ಪಾಲನ್ನಾದರೂ ವಾಹನದ ಆರೈಕೆಗೂ ಅದನ್ನು ನಡೆಸುವ ರೀತಿಗೂ ಕೊಡಬೇಕೆಂಬುದು ಈ ವಾರದ ನಮ್ಮ ವಿನಂತಿ.

ನಮ್ಮ ಜಿಲ್ಲೆಯ ರಸ್ತೆಗಳು ಕಂಡಿರುವ ದುರಂತಗಳನ್ನು ಮರೆಯುವಂತಿಲ್ಲ. 2022ರ ಅಕ್ಟೋಬರ್ ತಿಂಗಳಿನಲ್ಲಿ, ತೀರ್ಥಯಾತ್ರೆ ಮುಗಿಸಿ ಊರಿಗೆ ಮರಳುತ್ತಿದ್ದ ಬಂಧುಗಳಿದ್ದ ವಾಹನವೊಂದು ಅರಸೀಕೆರೆ ತಾಲ್ಲೂಕಿನ ಗಾಂಧಿನಗರದ ಬಳಿ ರಾತ್ರಿಯ ವೇಳೆ ಬಸ್ಸು ಮತ್ತು ಹಾಲಿನ ಟ್ಯಾಂಕರ್ ನಡುವೆ ಸಿಲುಕಿ, ಮಕ್ಕಳೂ ಸೇರಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ–ಹೊಳೆನರಸೀಪುರ ರಸ್ತೆಯ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ಮೇಲೆ ಲಾರಿ ನುಗ್ಗಿ, ಸಂಭ್ರಮದಲ್ಲಿದ್ದ ಎಳೆಯ ಜೀವಗಳನ್ನು ಬಲಿ ತೆಗೆದುಕೊಂಡಿತು. ದೇಶದಾದ್ಯಂತ 2022ನೇ ವರ್ಷವೊಂದರಲ್ಲಿಯೇ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಇವರಲ್ಲಿ ಪ್ರತಿ ಹತ್ತು ಮಂದಿಯಲ್ಲಿ ಏಳು ಮಂದಿಯ ಸಾವಿಗೆ ಅತಿವೇಗವೇ ಕಾರಣ. ಹಬ್ಬ, ಜಾತ್ರೆ, ಯಾತ್ರೆಗಳ ಕಾಲದಲ್ಲಿ, ಅದರಲ್ಲಿಯೂ ರಾತ್ರಿಯ ವೇಳೆ, ರಸ್ತೆ ಹೆಚ್ಚು ಅಪಾಯಕಾರಿ ಎಂಬ ಪಾಠ ನಮ್ಮ ಕಣ್ಣೆದುರಿಗೇ ಇದೆ.

ಈ ಋತುವಿನ ಮೊದಲ ಅಪಾಯವೆಂದರೆ ರಸ್ತೆಯ ಮೇಲಿನ ಒಕ್ಕಣೆ. ರಾಗಿ, ಹುರುಳಿಗಳ ಕೊಯ್ಲು ಮುಗಿಯುತ್ತಿದ್ದಂತೆ ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳದ ಕಡೆಗೆ ಹೋಗಲಿ, ಹೊಳೆನರಸೀಪುರ, ಅರಕಲಗೂಡುಗಳ ಒಳದಾರಿ ಹಿಡಿಯಲಿ, ಟಾರು ರಸ್ತೆಯುದ್ದಕ್ಕೂ ತೆನೆ ಮತ್ತು ಬಳ್ಳಿಗಳನ್ನು ಹರಡಿರುವುದು ಕಾಣುತ್ತದೆ. ರಾಗಿಯ ಕಾಳು, ಹುರುಳಿಯ ಕಾಳು ಗುಂಡಾಗಿದ್ದು, ಚಕ್ರದ ಅಡಿಯಲ್ಲಿ ಉರುಳುತ್ತವೆ. ಅದರ ಮೇಲೆ ಹಠಾತ್ತನೆ ಬ್ರೇಕ್ ಒತ್ತಿದರೆ ಟೈರಿಗೆ ಹಿಡಿತವೇ ಸಿಗದು. ದ್ವಿಚಕ್ರ ವಾಹನವಾದರೆ ಉರುಳಿ ಬೀಳುವುದು ಬಹುತೇಕ ಖಚಿತ. ಇನ್ನೊಂದು ಅಪಾಯ ಕಣ್ಣಿಗೆ ಕಾಣುವಂಥದ್ದಲ್ಲ. ಹುರುಳಿಯ ಬಳ್ಳಿ ಕಾರಿನ ಅಡಿಭಾಗಕ್ಕೆ ಸುತ್ತಿಕೊಂಡು, ಕಾದ ಸೈಲೆನ್ಸರ್ ಕೊಳವೆಗೆ ತಗುಲಿ, ಹೊತ್ತಿಕೊಂಡು, ಕಾರಿಗೆ ಕಾರೇ ಸುಟ್ಟುಹೋದ ಪ್ರಸಂಗಗಳು ನಮ್ಮ ರಾಜ್ಯದಲ್ಲಿ ನಡೆದಿವೆ.

ಆದುದರಿಂದ ಒಕ್ಕಣೆ ಕಂಡೊಡನೆ ದೂರದಿಂದಲೇ ವೇಗ ತಗ್ಗಿಸಿ, ರಸ್ತೆಯ ಖಾಲಿ ಬದಿ ಇದ್ದರೆ ಎದುರಿನ ವಾಹನಗಳನ್ನು ನೋಡಿಕೊಂಡು ಅಲ್ಲಿಯೇ ಸಾಗುವುದು ಲೇಸು. ಬದಿಯಿಲ್ಲದಿದ್ದರೆ ನಿಧಾನವಾಗಿ, ಒಂದೇ ಗತಿಯಲ್ಲಿ, ಬ್ರೇಕನ್ನಾಗಲಿ ಸ್ಟೀರಿಂಗನ್ನಾಗಲಿ ಥಟ್ಟನೆ ಬಳಸದೆ ದಾಟಬೇಕು. ಹುಲ್ಲಿನ ರಾಶಿಯ ಮೇಲೆ ಕಾರನ್ನು ನಿಲ್ಲಿಸಕೂಡದು. ದಾಟಿದ ಬಳಿಕ ಸ್ವಚ್ಛವಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಬಗ್ಗಿ ಅಡಿಭಾಗ ನೋಡುವುದಕ್ಕೆ ಎರಡು ನಿಮಿಷ ಸಾಕು. ಸುಟ್ಟ ವಾಸನೆ ಬಂದರಂತೂ ಸಾಮಾನಿನ ಆಸೆ ಬಿಟ್ಟು, ಮೊದಲು ಎಲ್ಲರೂ ಕೆಳಗಿಳಿದು ದೂರ ಸರಿಯಬೇಕು.

ಇಲ್ಲಿ ರೈತರನ್ನು ದೂರಿ ಸುಮ್ಮನಾಗುವುದು ನ್ಯಾಯವಲ್ಲ. ನಮ್ಮ ಸಮುದಾಯದಲ್ಲಿಯೂ ಬೇಸಾಯವನ್ನೇ ನಂಬಿದ ಕುಟುಂಬಗಳು ಅನೇಕವಿವೆ. ಎತ್ತುಗಳು ಕಡಮೆಯಾದವು, ರೋಣಗಲ್ಲು ಮೂಲೆ ಸೇರಿತು, ಸಗಣಿ ಸಾರಿಸಿ ಕಣ ಮಾಡುವ ಕೈಗಳು ಪಟ್ಟಣ ಸೇರಿದವು. ಕೂಲಿಯೂ ದುಬಾರಿಯಾದಾಗ ರಸ್ತೆಯೇ ಕಣವಾಯಿತು. ಆದರೂ ಬೆಳೆಯನ್ನು ಕಾಯಲೆಂದು ರಸ್ತೆಗೆ ಇಟ್ಟ ಕಲ್ಲು, ಮುಳ್ಳಿನ ಕೊಂಬೆಗಳನ್ನು ಸಂಜೆ ಹಾಗೆಯೇ ಬಿಟ್ಟು ಮನೆಗೆ ಹೋಗುವುದು ಕತ್ತಲೆಯಲ್ಲಿ ಬರುವವನಿಗೆ ಗುಂಡಿ ತೋಡಿದಂತೆಯೇ ಸರಿ. ಗ್ರಾಮ ಪಂಚಾಯಿತಿಗಳು ಸಾಮೂಹಿಕ ಕಣಗಳನ್ನು ನಿರ್ಮಿಸಲಿ. ಅಲ್ಲಿಯವರೆಗೆ, ವಿಶಾಲವಾದ ಅಂಗಳವಿರುವ ನಮ್ಮ ಧರ್ಮಕೇಂದ್ರಗಳು ಕೊಯ್ಲಿನ ಕೆಲವು ವಾರ ಅದನ್ನು ಊರಿನ ಎಲ್ಲ ಜಾತಿಮತಗಳ ರೈತರಿಗೂ ಒಕ್ಕಣೆಗೆ ತೆರೆದಿಡಬಾರದೇಕೆ? ಕ್ರಿಸ್ತಜಯಂತಿಗೆ ಇದಕ್ಕಿಂತ ಒಳ್ಳೆಯ ಸಿದ್ಧತೆ ಅಪರೂಪ.

ಎರಡನೆಯದು ಮಂಜು. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನ ಆಸುಪಾಸು, ಶೆಟ್ಟಿಹಳ್ಳಿಯ ಕಡೆ, ಕೆರೆಯ ಏರಿಗಳ ಮೇಲೆ, ನಾಲೆಯ ಬದಿಗಳಲ್ಲಿ ಮುಂಜಾನೆ ದಟ್ಟವಾಗಿ ಕವಿಯುವ ಮಂಜಿನಲ್ಲಿ ಹತ್ತು ಮಾರು ದೂರವೂ ಕಾಣದು. ಇಂತಹ ಹೊತ್ತಿನಲ್ಲಿ ದೊಡ್ಡ ದೀಪ ಹಾಕಿದರೆ ಹೆಚ್ಚು ಕಾಣುತ್ತದೆಂಬುದು ತಪ್ಪು ತಿಳಿವಳಿಕೆ. ಆ ಬೆಳಕು ಮಂಜಿನ ಹನಿಗಳಿಗೆ ತಾಗಿ ಚಾಲಕನ ಕಣ್ಣಿಗೇ ಹಿಂದಿರುಗುತ್ತದೆ. ತಗ್ಗಿಸಿದ ದೀಪದಲ್ಲಿ, ರಸ್ತೆಯ ಎಡ ಅಂಚಿನ ಬಿಳಿ ಗೆರೆಯನ್ನು ಅನುಸರಿಸಿ, ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗದಲ್ಲಿ ಸಾಗುವುದೊಂದೇ ದಾರಿ. ನಾಲ್ಕೂ ಸೂಚಕ ದೀಪಗಳನ್ನು ಮಿಣುಕಿಸುತ್ತ ಓಡಿಸುವ ಅಭ್ಯಾಸವೂ ಒಳ್ಳೆಯದಲ್ಲ. ನಾವು ಯಾವ ಕಡೆ ತಿರುಗುತ್ತೇವೆ, ನಿಂತಿದ್ದೇವೆಯೇ ಚಲಿಸುತ್ತಿದ್ದೇವೆಯೇ ಎಂಬುದು ಹಿಂದಿನವರಿಗೆ ತಿಳಿಯದೆ ಹೋಗುತ್ತದೆ. ಗಾಜಿನ ಒಳಗೆ ಕಟ್ಟುವ ತೇವವನ್ನು ಕೈಯಿಂದ ಒರೆಸುತ್ತ ಓಡಿಸುವ ಬದಲು, ಗಾಳಿಯನ್ನು ಮುಂಗಾಜಿನ ಕಡೆ ತಿರುಗಿಸಿ ಎ.ಸಿ. ಹಾಕಿದರೆ ಅದು ಬೇಗ ಆರುತ್ತದೆ.

ಮೂರನೆಯದು ಬೆಳಕಿಲ್ಲದ ವಾಹನಗಳು. ಕಬ್ಬು, ಹುಲ್ಲು, ತೆಂಗಿನಕಾಯಿ ಹೊತ್ತ ಟ್ರ್ಯಾಕ್ಟರ್ ಟ್ರೇಲರ್‌ಗಳು ಹಿಂದೀಪವಿಲ್ಲದೆ, ಹೊಳೆಯುವ ಪಟ್ಟಿಯೂ ಇಲ್ಲದೆ ಸಾಗುವುದು ಎಲ್ಲರಿಗೂ ತಿಳಿದದ್ದೇ. ಹಿಂದೆ 48 ಎಂದು ಕರೆಯಲಾಗುತ್ತಿದ್ದ, ಈಗ 75 ಎಂಬ ಸಂಖ್ಯೆಯ ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಇದೇ ವಾಹನಗಳು ಸುತ್ತು ತಪ್ಪಿಸಿಕೊಳ್ಳಲು ಎದುರುದಿಕ್ಕಿನಲ್ಲಿಯೂ ಬರುತ್ತವೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಕ್ರಮಿಸುತ್ತದೆ. ಕಣ್ಣು ಕಂಡದ್ದನ್ನು ಕಾಲು ಬ್ರೇಕಿಗೆ ತಿಳಿಸುವಷ್ಟರಲ್ಲಿಯೇ ಇಷ್ಟು ದೂರ ಕಳೆದಿರುತ್ತದೆ. ವೇಗ ಇಮ್ಮಡಿಯಾದರೆ, ಬ್ರೇಕ್ ಒತ್ತಿದ ಮೇಲೆ ಕಾರು ಜಾರುವ ದೂರ ನಾಲ್ಕು ಮಡಿಯಾಗುತ್ತದೆ. ಮುಂದಿನ ವಾಹನ ದಾಟಿದ ಕಂಬವೊಂದನ್ನು ಗುರುತಿಟ್ಟು, ನಾವು ಆ ಕಂಬ ತಲುಪುವಾಗ ಮೂರು ಸೆಕೆಂಡು ಕಳೆದಿದ್ದರೆ ಅಂತರ ಸರಿಯಾಗಿದೆ ಎಂದು ತಿಳಿಯಬಹುದು. ಮಂಜಿನಲ್ಲಿ, ರಾತ್ರಿಯಲ್ಲಿ ಅದು ಇಮ್ಮಡಿಯಾಗಬೇಕು.

ನಾಲ್ಕನೆಯದಾಗಿ, ನಮ್ಮ ಸೀಮೆಯ ರಸ್ತೆಗಳು ನಡೆಯುವವರ ರಸ್ತೆಗಳೂ ಹೌದು. ವಾಹನವೇರದ ವ್ರತ ತೊಟ್ಟ ಜೈನ ಮುನಿಗಳು ಮತ್ತು ಮಾತಾಜಿಗಳು ಶ್ರವಣಬೆಳಗೊಳಕ್ಕೆ ಬರುವುದೂ ಅಲ್ಲಿಂದ ಹೊರಡುವುದೂ ಕಾಲ್ನಡಿಗೆಯಲ್ಲಿ, ಬಿಸಿಲೇರುವ ಮೊದಲು, ರಸ್ತೆಯ ಅಂಚಿನಲ್ಲಿ. ಶಿವರಾತ್ರಿ ಸಮೀಪಿಸಿದರೆ ಧರ್ಮಸ್ಥಳದ ಪಾದಯಾತ್ರಿಗಳು ಹಾಸನದ ಮಾರ್ಗವಾಗಿ ಸಾವಿರಾರು ಸಂಖ್ಯೆಯಲ್ಲಿ ಸಾಗುತ್ತಾರೆ. ನೆರೆಯವರನ್ನು ಪ್ರೀತಿಸುವ ಬೋಧನೆ ಕೇಳಿ ಬೆಳೆದ ನಮಗೆ, ಮುಂಜಾನೆಯ ಮಬ್ಬಿನಲ್ಲಿ ಬರಿಗಾಲಿನಲ್ಲಿ ನಡೆಯುವ ಆ ನೆರೆಯವರ ಪಕ್ಕದಲ್ಲಿ ವೇಗ ತಗ್ಗಿಸುವುದು ಕಷ್ಟದ ಕೆಲಸವಾಗಬಾರದು.

ಇನ್ನು ಕಾರಿನ ಆರೈಕೆಯ ಮಾತು. ಹೊರಡುವ ಮುನ್ನಾದಿನವಲ್ಲ, ಒಂದು ವಾರ ಮೊದಲೇ ಪರೀಕ್ಷೆ ಮಾಡಿಸಬೇಕು. ಆಗ ದುರಸ್ತಿಗೆ ಅವಕಾಶವಿರುತ್ತದೆ. ಕಾರಿನ ಟೈರಿನ ಪಡಿಗಳ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕೆಂಬುದು ನಿಯಮ. ಪಡಿಗಳ ನಡುವೆ ಉಬ್ಬಿರುವ ಗುರುತಿನ ಮಟ್ಟಕ್ಕೆ ಟೈರು ಸವೆದಿದ್ದರೆ ಅದನ್ನು ಬದಲಿಸಲೇಬೇಕು. ಗಾಳಿಯನ್ನು ಟೈರು ತಣ್ಣಗಿರುವಾಗ, ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ನಮೂದಿಸಿರುವ ಪ್ರಮಾಣದಂತೆ ತುಂಬಿಸಬೇಕು. ಐದು ಮಂದಿ ಮತ್ತು ಸಾಮಾನು ತುಂಬಿದ ಕಾರಿಗೆ ಬೇಕಾದ ಪ್ರಮಾಣವೇ ಬೇರೆ. ಸ್ಟೆಪ್ನಿಯನ್ನು ಮರೆಯಬಾರದು. ಬ್ರೇಕ್ ಎಣ್ಣೆ ಕಾಲಕ್ರಮದಲ್ಲಿ ತೇವ ಹೀರಿಕೊಂಡು ಶಕ್ತಿಗುಂದುತ್ತದೆ. ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಿಸುವುದು ಒಳಿತು. ಸಕಲೇಶಪುರ, ಶಿರಾಡಿ ಘಾಟಿಗಳನ್ನು ಇಳಿಯುವವರಿಗೆ ಇದು ಇನ್ನೂ ಮುಖ್ಯ. ಇಳಿಜಾರಿನಲ್ಲಿ ಬ್ರೇಕಿನ ಮೇಲೆಯೇ ಕಾಲಿಟ್ಟು ಕೂರದೆ, ಕೆಳಗಿನ ಗೇರಿನಲ್ಲಿ ಇಳಿದರೆ ಬ್ರೇಕ್ ಕಾದು ಕೈಕೊಡುವುದಿಲ್ಲ. ಮಳೆಗಾಲ ಕಳೆದ ಮೇಲೆ ಏಳುವ ಕೆಂಧೂಳು ಗಾಳಿಶೋಧಕವನ್ನು ಕಟ್ಟುತ್ತದೆ, ಮುಂದೀಪಗಳನ್ನು ಮಂಕುಗೊಳಿಸುತ್ತದೆ. ವೈಪರಿನ ರಬ್ಬರು ಬಿಸಿಲಿಗೆ ಸೀಳಿದ್ದರೆ, ಮಂಜಿನ ಮುಂಜಾನೆ ಅದು ಗಾಜನ್ನು ಒರೆಸುವ ಬದಲು ಕೆಸರು ಬಳಿಯುತ್ತದೆ. ಚಳಿಯಲ್ಲಿ ಹಳೆಯ ಬ್ಯಾಟರಿ ಬೆಳಿಗ್ಗೆ ಮುಷ್ಕರ ಹೂಡುವುದುಂಟು. ಒಬ್ಬರು ಹಿಂದೆ ನಿಂತು ಬ್ರೇಕ್ ದೀಪ, ಸೂಚಕ ದೀಪಗಳು ಉರಿಯುತ್ತಿವೆಯೇ ಎಂದು ನೋಡುವುದಕ್ಕೆ ಖರ್ಚೇನೂ ಇಲ್ಲ.

ಕಾರು ಸರಿಯಿದ್ದು ಚಾಲಕ ಸರಿಯಿಲ್ಲದಿದ್ದರೆ ಫಲವೇನು? ಹಬ್ಬದ ಮುನ್ನಾದಿನ ಕಚೇರಿ ಕೆಲಸ ಮುಗಿಸಿ, ನಾಲ್ಕು ಗಂಟೆ ಕಾರು ಓಡಿಸಿ ಬಂದು, ನಡುರಾತ್ರಿಯ ಬಲಿಪೂಜೆಯಲ್ಲಿ ಪಾಲ್ಗೊಂಡು, ಮತ್ತೆ ಒಂದು ಗಂಟೆಗೆ ಬಂಧುಗಳ ಊರಿಗೆ ಹೊರಡುವ ಯುವಕರನ್ನು ನಾವು ಪ್ರತಿ ವರ್ಷ ಕಾಣುತ್ತೇವೆ. ನಿದ್ದೆಯನ್ನು ಛಲದಿಂದ ಗೆಲ್ಲಲಾಗದು. ರೆಪ್ಪೆ ಮುಚ್ಚಿದ ಎರಡು ಕ್ಷಣದಲ್ಲಿ ಕಾರು ಹೊಲದಗಲ ದಾಟಿರುತ್ತದೆ. ದೂರದವರು ಆ ರಾತ್ರಿ ಅಲ್ಲಿಯೇ ಉಳಿಯಲಿ, ಇಲ್ಲವೆ ಬೆಳಗಿನ ಪೂಜೆಗೆ ಬರಲಿ. ಮನೆಯ ಹಿರಿಯರು “ಇವತ್ತು ಇಲ್ಲೇ ಇರಪ್ಪಾ, ಬೆಳಿಗ್ಗೆ ಹೋದರಾಯಿತು” ಎಂದು ಒಂದು ಮಾತು ಹೇಳುವುದು ಅವರ ಹಕ್ಕು ಮಾತ್ರವಲ್ಲ, ಕರ್ತವ್ಯ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಹಬ್ಬದ ಊಟದೊಡನೆ, ಮದುವೆಯ ಔತಣದೊಡನೆ ಪಾನೀಯ ಹಂಚುವ ಪದ್ಧತಿ ನಮ್ಮಲ್ಲಿ ಅನೇಕ ಮನೆಗಳಲ್ಲಿದೆ. ಮನೆಯಲ್ಲಿಯೇ ಮಾಡಿದ ದ್ರಾಕ್ಷಾರಸವಾದರೇನು, ಅಂಗಡಿಯ ಸೀಸೆಯಾದರೇನು, ರಕ್ತಕ್ಕೆ ಆ ಭೇದ ತಿಳಿಯದು. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ಮೀರಿದರೆ ಅದು ಕಾನೂನಿನ ಪ್ರಕಾರ ಅಪರಾಧ. ಆತಿಥ್ಯ ಮಾಡುವವರು ಚಾಲಕನ ಲೋಟ ತುಂಬಿಸದಿರುವುದೇ ನಿಜವಾದ ಆತಿಥ್ಯ. ಹದಿನೆಂಟು ತುಂಬದ ಮಗನ ಕೈಗೆ ಬೀಗದ ಕೈ ಕೊಡುವ ತಂದೆತಾಯಂದಿರೂ ತಿಳಿದಿರಲಿ: 2019ರ ತಿದ್ದುಪಡಿಯ ಬಳಿಕ ಪೋಷಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ.

ಸೀಟು ಬೆಲ್ಟು ಮುಂದೆ ಕುಳಿತವರಿಗೆ ಮಾತ್ರ ಎಂಬ ಭಾವನೆ ಇನ್ನೂ ಅಳಿದಿಲ್ಲ. ಉದ್ಯಮಿ ಸೈರಸ್ ಮಿಸ್ತ್ರಿಯವರು 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಅಪಘಾತದಲ್ಲಿ ಅಸುನೀಗಿದಾಗ ಅವರು ಕುಳಿತಿದ್ದುದು ದುಬಾರಿ ಕಾರಿನ ಹಿಂಬದಿಯಲ್ಲಿ, ಬೆಲ್ಟು ಧರಿಸದೆ. ಮಡಿಲಲ್ಲಿ ಕೂರಿಸಿಕೊಂಡ ಮಗುವನ್ನು ಡಿಕ್ಕಿಯ ಕ್ಷಣದಲ್ಲಿ ಯಾವ ತಾಯಿಯ ತೋಳೂ ಹಿಡಿದಿಡಲಾರದು. ಮಕ್ಕಳು ಹಿಂದಿನ ಆಸನದಲ್ಲಿ, ಅವರ ಗಾತ್ರಕ್ಕೆ ತಕ್ಕ ಆಸನಪಟ್ಟಿಯೊಳಗೆ ಇರಲಿ.

ಎಷ್ಟು ಎಚ್ಚರವಿದ್ದರೂ ದಾರಿಯಲ್ಲಿ ಅಪಘಾತ ಕಣ್ಣಿಗೆ ಬೀಳಬಹುದು. ಪೊಲೀಸು, ನ್ಯಾಯಾಲಯಗಳ ಅಲೆದಾಟಕ್ಕೆ ಹೆದರಿ ಮುಂದೆ ಸಾಗುವವರಿದ್ದಾರೆ. ಆದರೆ ಗಾಯಾಳುವಿಗೆ ನೆರವಾದವರಿಗೆ ಸರ್ವೋಚ್ಚ ನ್ಯಾಯಾಲಯ 2016ರಲ್ಲಿಯೇ ರಕ್ಷಣೆ ನೀಡಿತು. 2019ರಲ್ಲಿ ಅದು ಮೋಟಾರು ವಾಹನ ಕಾಯಿದೆಯಲ್ಲಿಯೂ ಸೇರಿತು. ಹೆಸರು ಹೇಳುವಂತೆ ಅವರನ್ನು ಬಲವಂತಪಡಿಸುವಂತಿಲ್ಲ. ಕಾನೂನು ಅವರನ್ನು ಕರೆಯುವುದು ಒಳ್ಳೆಯ ಸಮಾರ್ಯದವನೆಂಬ ಹೆಸರಿನಿಂದಲೇ! ಆ ಸಾಮತಿಯನ್ನು ಬಾಲ್ಯದಿಂದ ಕೇಳಿದ ನಾವು ಕಾರಿನ ಗಾಜೇರಿಸಿ ಹೋಗಬಹುದೆ? 108ಕ್ಕೆ, ಇಲ್ಲವೆ 112ಕ್ಕೆ ಕರೆ ಮಾಡುವುದು, ಹೆದ್ದಾರಿಯಾದರೆ 1033ಕ್ಕೆ ತಿಳಿಸುವುದು, ಹಿಂದಿನಿಂದ ಬರುವ ವಾಹನಗಳಿಗೆ ಎಚ್ಚರಿಕೆ ಕೊಡುವುದು ಯಾರಿಗೂ ಸಾಧ್ಯ.

ಕಾರಿನ ಮುಂಭಾಗದಲ್ಲಿ ಸಂತ ಕ್ರಿಸ್ತೋಫರರ ಪದಕ, ಕನ್ನಡಿಗೆ ಜಪಮಾಲೆ ತೂಗುಹಾಕುವುದು ನಮ್ಮ ರೂಢಿ. ಅದು ವಿಶ್ವಾಸದ ಗುರುತಾಗಿರಲಿ, ಅಜಾಗರೂಕತೆಗೆ ಪರವಾನಗಿಯಾಗದಿರಲಿ. ಕುಡಿತದಿಂದಲೋ ವೇಗದ ವ್ಯಾಮೋಹದಿಂದಲೋ ರಸ್ತೆಯಲ್ಲಿ ತಮ್ಮ ಮತ್ತು ಪರರ ಪ್ರಾಣಕ್ಕೆ ಕುತ್ತು ತರುವವರು ಗುರುತರ ದೋಷಕ್ಕೆ ಗುರಿಯಾಗುತ್ತಾರೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಬೋಧಿಸುತ್ತದೆ. 2007ರಲ್ಲಿ ವ್ಯಾಟಿಕನ್ ಪ್ರಕಟಿಸಿದ ರಸ್ತೆಯ ಕುರಿತ ಮಾರ್ಗದರ್ಶಿ ಚಾಲಕರಿಗೆಂದೇ ಹತ್ತು ಕಟ್ಟಳೆಗಳನ್ನು ಕೊಟ್ಟಿತು. ಕೊಲೆಯ ನಿಷೇಧವೇ ಅವುಗಳಲ್ಲಿ ಮೊದಲನೆಯದು. ಕಾರು ದರ್ಪದ ಸಾಧನವಾಗಬಾರದೆಂಬುದೂ, ದುರ್ಬಲರನ್ನು ರಕ್ಷಿಸಬೇಕೆಂಬುದೂ ಅದರಲ್ಲಿ ಸೇರಿವೆ.

ಧರ್ಮಗುರುಗಳು ಬರುವ ಭಾನುವಾರ ಪೂಜೆಯ ಕೊನೆಯಲ್ಲಿ ಈ ಕುರಿತು ಎರಡು ಮಾತು ಹೇಳಲಿ. ಯುವಜನ ಸಂಘದವರು ಒಂದು ಸಂಜೆ ಬಿಡುವು ಮಾಡಿಕೊಂಡು, ಊರಿನ ಟ್ರೇಲರ್‌ಗಳ ಹಿಂಬದಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಲಿ. ಅದಕ್ಕಾಗುವ ವೆಚ್ಚ ಒಂದು ನಕ್ಷತ್ರದೀಪದ ಬೆಲೆಗಿಂತ ಹೆಚ್ಚಲ್ಲ. ನಡುರಾತ್ರಿಯ ಪೂಜೆಗೆ ಬರುವ ನೆರೆಹೊರೆಯವರು ಒಂದೇ ವಾಹನದಲ್ಲಿ, ನಿದ್ದೆ ಮಾಡಿ ಎದ್ದ ಒಬ್ಬ ಚಾಲಕನೊಡನೆ ಬರಲಿ. ಊರಿಗೆ ಹೊರಟ ಮಕ್ಕಳಿಗೆ ತಡವಾದರೆ ಫೋನಿನ ಮೇಲೆ ಫೋನು ಮಾಡಿ ಅವಸರಪಡಿಸದೆ ಮನೆಯವರು ತಾಳ್ಮೆಯಿಂದ ಕಾಯಲಿ. ಅಡುಗೆ ಆರಿದರೆ ಮತ್ತೆ ಬಿಸಿ ಮಾಡಬಹುದು. ಈ ಹಬ್ಬದಲ್ಲಿ ಎಲ್ಲ ಮನೆಗಳ ಎಲ್ಲ ಮಕ್ಕಳೂ ಸುಖವಾಗಿ ಬಂದು, ಸುಖವಾಗಿ ಮರಳಲೆಂದು ನಾವು ಹಾರೈಸುತ್ತೇವೆ.